ಒಂದೂವರೆ ಅಡಿಯ ಹೊಳೆ

ಫೈಟರ್ ಮೀನು ಎರಡು ದಿನದಿಂದ ತೊಟ್ಟಿಯ ಬಲಮೂಲೆ ಬಿಟ್ಟು ಕದಲಿರಲಿಲ್ಲ. ಪ್ಲಾಸ್ಟಿಕ್ ಗಿಡದ ಹಿಂದೆ ಗಾಜಿಗೆ ಮೈ ಒತ್ತಿಕೊಂಡು, ರೇಷ್ಮೆ ಸೆರಗಿನಂಥ ಬಾಲವನ್ನು ಮುದುಡಿಕೊಂಡು ನಿಂತಿತ್ತು. ಗಾಳಿ ಗುಟುಕರಿಸಲೆಂದು ಮೇಲಕ್ಕೆ ಹೊರಟರೆ ನಡುದಾರಿಯಲ್ಲೇ ನೀರಿನ ರಭಸ ಹಿಡಿದು ಎದುರಿನ ಗಾಜಿಗೆ ತಳ್ಳುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಹೊಸ ಫಿಲ್ಟರ್ ಗುರ್ರೆನ್ನುತ್ತಿತ್ತು. ನೀರೇನೋ ಕನ್ನಡಿಯಷ್ಟು ತಿಳಿ. ಮನೆಗೆ ಬಂದವರೆಲ್ಲ ಅದನ್ನೇ ಹೊಗಳಿದರು. ಮೂರನೆಯ ವಾರ ಮೀನು ಸತ್ತಿತು. ಆ ದಿನವೂ ನೀರು ಕನ್ನಡಿಯಷ್ಟೇ ತಿಳಿಯಾಗಿತ್ತು.

ಆ ಫಿಲ್ಟರನ್ನು ಆರಿಸಿದ್ದು ಅಂಗಡಿಯವನು. ಆದರೆ ದುಡ್ಡು ಎಣಿಸಿಕೊಟ್ಟವನು ನಾನಾದ್ದರಿಂದ ತಪ್ಪಿನಲ್ಲಿ ಇಬ್ಬರದೂ ಸಮಪಾಲು. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಟ್ಯಾಂಕ್ ಎಷ್ಟಡಿ ಸಾರ್?’ ಒಂದೂವರೆ ಎಂದೆ. ಗಂಟೆಗೆ 800 ಲೀಟರ್ ಎಂದು ಬರೆದಿದ್ದ ಡಬ್ಬಿಯನ್ನು ಕೈಗಿಟ್ಟ. ‘ಸ್ವಲ್ಪ ದೊಡ್ಡದೇ ಇರಲಿ, ನೀರು ಕ್ಲೀನಾಗಿರುತ್ತೆ.’ ಮಕ್ಕಳಿಗೆ ಬಟ್ಟೆ ಕೊಳ್ಳುವಾಗ ನಮ್ಮ ಮನೆಯಲ್ಲೂ ಇದೇ ಮಾತು ಹೇಳುತ್ತಿದ್ದರಲ್ಲ, ಸುಲಭವಾಗಿ ಒಪ್ಪಿಬಿಟ್ಟೆ. ಯಾವ ಮೀನು, ಎಷ್ಟು ಮೀನು, ತೊಟ್ಟಿ ಇಟ್ಟು ಎಷ್ಟು ದಿನವಾಯಿತು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಗಡಿಯ ಲೆಕ್ಕ ಅಡಿಯಲ್ಲಿ, ಡಬ್ಬಿಯ ಲೆಕ್ಕ ಲೀಟರಿನಲ್ಲಿ. ಇವೆರಡನ್ನೂ ಜೋಡಿಸುವ ಕೊಂಡಿಯೊಂದನ್ನು ನೆನಪಿಟ್ಟುಕೊಂಡರೆ ಸಾಕು: ಒಂದು ಘನ ಅಡಿ ಎಂದರೆ 28.3 ಲೀಟರ್. ನನ್ನ ತೊಟ್ಟಿ 18 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. ಒಟ್ಟು ಒಂದೂವರೆ ಘನ ಅಡಿ, ಅಂದರೆ 42 ಲೀಟರಿನ ಆಸುಪಾಸು. ತಳದ ಜಲ್ಲಿಯನ್ನೂ ಮೇಲೆ ಬಿಟ್ಟ ಎರಡು ಬೆರಳು ಜಾಗವನ್ನೂ ಕಳೆದರೆ ನಿಜವಾದ ನೀರು 35 ಲೀಟರ್. ಅದಕ್ಕೆ 800 ಲೀಟರಿನ ಪಂಪು ಕೂರಿಸಿದರೆ ಇದ್ದ ನೀರೆಲ್ಲ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಅದರ ಹೊಟ್ಟೆ ಹೊಕ್ಕು ಹೊರಬರುತ್ತದೆ. ಮೀನು ಸಾಕುವವರಲ್ಲಿ ರೂಢಿಗೆ ಬಂದ ಲೆಕ್ಕ ನಾಲ್ಕರಿಂದ ಆರು ಸಲ. ನನಗೆ ಬೇಕಿದ್ದದ್ದು 150, ಹೆಚ್ಚೆಂದರೆ 200 ಲೀಟರಿನ ಪಂಪು. ಡಬ್ಬಿಯ ಮೇಲಿನ ಅಂಕಿಯೂ ಸಾಮಾನ್ಯವಾಗಿ ಬರಿಯ ಪಂಪಿನದು. ಒಳಗೆ ಸ್ಪಾಂಜು ತುಂಬಿ, ಅದಕ್ಕೆ ನಾಲ್ಕು ವಾರದ ಕೊಳೆ ಹಿಡಿದ ಮೇಲೆ ಹರಿವು ಎಷ್ಟೋ ಇಳಿದಿರುತ್ತದೆ. ನನ್ನದು ಹೊಸದಾಗಿತ್ತು, ಇಳಿದಿರಲಿಲ್ಲ.

ಫೈಟರ್ ಮೀನಿನ ಮೂಲ ಥಾಯ್ಲೆಂಡಿನ ಕಡೆಯ ಗದ್ದೆ, ಜೌಗು, ನಿಧಾನದ ಕಾಲುವೆ. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಕಿವಿರಿನ ಜೊತೆಗೆ ನೇರ ಗಾಳಿಯನ್ನೂ ಉಸಿರಾಡುವ ಅಂಗವೊಂದು ಅದರ ತಲೆಯೊಳಗಿದೆ. ಅದಕ್ಕಾಗಿ ಆಗಾಗ ನೀರಿನ ಮೇಲಕ್ಕೆ ಬರಲೇಬೇಕು. ಪುಟ್ಟ ದೇಹಕ್ಕೆ ಅಷ್ಟೇ ಉದ್ದದ ಬಾಲ ಜೋಡಿಸಿ ಬೆಳೆಸಿದ್ದು ಮನುಷ್ಯ. ಜೋರು ಸುಳಿಯಲ್ಲಿ ಆ ಬಾಲ ಹೊತ್ತು ಈಜುವುದೆಂದರೆ ಗಾಳಿಮಳೆಯಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಗುಡ್ಡ ಹತ್ತಿದ ಹಾಗೆ.

ಆದರೂ ಅದು ಸತ್ತದ್ದು ಸುಸ್ತಿನಿಂದ ಮಾತ್ರ ಅಲ್ಲ. ಅಸಲಿ ಕಾರಣ ನನಗೆ ತಿಳಿಯುವ ಹೊತ್ತಿಗೆ ಇನ್ನೆರಡು ಮೀನು ಹೋಗಿದ್ದವು.

*

ನಮ್ಮ ಕಡೆ ಫಿಲ್ಟರ್ ಎಂದರೆ ಮೊದಲು ನೆನಪಾಗುವುದು ಕಾಫಿ. ಚರಟ ಮೇಲೆ ನಿಲ್ಲುತ್ತದೆ, ಡಿಕಾಕ್ಷನ್ ಕೆಳಗಿಳಿಯುತ್ತದೆ. ಮೀನಿನ ತೊಟ್ಟಿಗೂ ಇದೇ ಚಿತ್ರವನ್ನು ಹೊತ್ತು ತಂದದ್ದರಲ್ಲೇ ನನ್ನ ಅರ್ಧ ತಪ್ಪಿತ್ತು. ಕೊಳೆಯನ್ನು ಜರಡಿ ಹಿಡಿಯುವುದು ಈ ಪೆಟ್ಟಿಗೆಯ ಚಿಲ್ಲರೆ ಕೆಲಸ. ದೊಡ್ಡ ಕೆಲಸ ಏನೆಂದು ನೋಡಬೇಕಾದರೆ ಶೃಂಗೇರಿಗೆ ಹೋಗಬೇಕು.

ಶಾರದಾಂಬೆಯ ಗುಡಿಯ ಹಿಂದಿನ ಮೆಟ್ಟಿಲಿಳಿದರೆ ತುಂಗೆಯಲ್ಲಿ ಮೊಳಕ್ಕೂ ಮಿಕ್ಕಿದ ಮೀನುಗಳು ಒಂದರ ಮೈ ಇನ್ನೊಂದಕ್ಕೆ ಉಜ್ಜಿಕೊಂಡು ನಿಂತಿರುತ್ತವೆ. ಯಾತ್ರಿಕರು ಬೆಳಗಿನಿಂದ ಸಂಜೆಯವರೆಗೆ ಮಂಡಕ್ಕಿ ಎರಚುತ್ತಲೇ ಇರುತ್ತಾರೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳದೂ ಇದೇ ವೈಭವ. ಅಷ್ಟು ಮೀನು, ಅಷ್ಟು ಊಟ. ಯಾರೂ ಫಿಲ್ಟರ್ ಇಟ್ಟಿಲ್ಲ. ಹರಿಯುವ ಹೊಳೆಗೆ ದೊಣೆನಾಯಕನ ಅಪ್ಪಣೆ ಯಾಕೆ ಎಂಬ ಮಾತಿದೆಯಲ್ಲ, ಹಾಗೆ. ಮೀನು ಬಿಟ್ಟದ್ದನ್ನು ಹೊಳೆ ಮುಂದಕ್ಕೆ ಒಯ್ಯುತ್ತದೆ, ಹೊಸ ನೀರು ತರುತ್ತದೆ. ಇನ್ನೊಂದು ಸಂಗತಿ ಕಣ್ಣಿಗಿಂತ ಕಾಲಿಗೆ ಬೇಗ ಗೊತ್ತಾಗುತ್ತದೆ. ನೀರಿನೊಳಗಿನ ಕಲ್ಲಿನ ಮೇಲೆ ಹೆಜ್ಜೆ ಇಟ್ಟರೆ ಜಾರುತ್ತದೆ. ಆ ಲೋಳೆ ಬರಿಯ ಪಾಚಿಯಲ್ಲ. ಕಲ್ಲಿಗೆ ಅಂಟಿಕೊಂಡು ಬದುಕುವ ಕೋಟ್ಯಂತರ ಬ್ಯಾಕ್ಟೀರಿಯಾಗಳ ಊರು ಅದು. ಹರಿದು ಬರುವ ನೀರಿನಿಂದ ತಮ್ಮ ಪಾಲು ತೆಗೆದುಕೊಂಡು ಅವು ಹೊಳೆಯನ್ನು ತೊಳೆಯುತ್ತಿರುತ್ತವೆ.

ಅಕ್ವೇರಿಯಂ ಫಿಲ್ಟರ್ ಎಂದರೆ ಪೆಟ್ಟಿಗೆಯೊಳಗೆ ಇಟ್ಟ ಆ ಜಾರುಗಲ್ಲು. ಪಂಪು, ಕೊಳವೆ, ವೈರು, ಡಬ್ಬಿಯ ಮೇಲಿನ ಬಣ್ಣದ ಚಿತ್ರ ಎಲ್ಲವೂ ಆ ಲೋಳೆಯ ಮೇಲೆ ನೀರು ಹಾಯಿಸುವುದಕ್ಕೆ ಮಾಡಿದ ಸಿಂಗಾರ.

ಲೋಳೆ ತಿನ್ನುವುದಾದರೂ ಏನನ್ನು? ಅಮೋನಿಯಾವನ್ನು. ಮೀನಿನ ಹೊಲಸು ಎಂದರೆ ತಳದಲ್ಲಿ ಬಿದ್ದಿರುವ ದಾರದಂಥ ಹಿಕ್ಕೆ ಎಂದುಕೊಂಡಿದ್ದೆ. ಅದು ಕಣ್ಣಿಗೆ ಕಾಣುವ ಪಾಲು. ಅಮೋನಿಯಾದ ಬಹುಪಾಲನ್ನು ಮೀನು ಕಿವಿರಿನ ಮೂಲಕವೇ ನೀರಿಗೆ ಬಿಡುತ್ತದೆ. ಉಸಿರಾಡಿದಷ್ಟು ಹೊತ್ತೂ ಬಿಡುತ್ತಲೇ ಇರುತ್ತದೆ. ಬಣ್ಣವಿಲ್ಲ, ಇಷ್ಟು ಸಣ್ಣ ಪ್ರಮಾಣದಲ್ಲಿ ನಮ್ಮ ಮೂಗಿಗೆ ವಾಸನೆಯೂ ಇಲ್ಲ. ಕನ್ನಡಿಯಂಥ ನೀರಿನಲ್ಲಿ ಮೀನಿನ ಕಿವಿರು ಸುಟ್ಟುಹೋಗಬಹುದು. ತಿಳಿನೀರು ಬೇರೆ, ಒಳ್ಳೆಯ ನೀರು ಬೇರೆ ಎಂಬುದು ಬೋರ್‌ವೆಲ್ ನೀರು ಕುಡಿದು ಬೆಳೆದ ನಮಗೆ ಹೊಸ ಪಾಠವೇನೂ ಅಲ್ಲ. ಮೀನಿನ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ.

ಬೋರ್‌ವೆಲ್ಲಿನ ಮಾತು ಬಂದದ್ದು ಸುಮ್ಮನಲ್ಲ. ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ಹೆಚ್ಚು ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಕೊಲ್ಲುವ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ನೀರಿನ ಪಿಎಚ್ ಮತ್ತು ಬಿಸುಪು. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ಶೇ 0.6ರಷ್ಟು. ಪಿಎಚ್ 8ಕ್ಕೆ ಏರಿದರೆ ಅದೇ ಪಾಲು ಶೇ 5 ದಾಟುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ, ಸೋಪು ನೊರೆ ಬಿಡದ ಗಡಸು ನೀರು ಬಹುತೇಕ ಕ್ಷಾರದ ಕಡೆಗೇ ವಾಲಿರುತ್ತದೆ. ಅದೇ ಮೀನು, ಅದೇ ಊಟ, ಅದೇ ಫಿಲ್ಟರ್. ಒಂದು ಬಡಾವಣೆಯಲ್ಲಿ ಬದುಕಿದ್ದು ಪಕ್ಕದ ಬಡಾವಣೆಯಲ್ಲಿ ಸಾಯುವುದಕ್ಕೆ ಇದೂ ಒಂದು ಕಾರಣ.

ಬ್ಯಾಕ್ಟೀರಿಯಾಗಳ ಒಂದು ತಂಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ; ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಕೆಡಿಸಿ ರಕ್ತವನ್ನೇ ಕಂದಾಗಿಸುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಬಾಯಿ ತೆರೆದು ಮೇಲೆ ತೇಲುತ್ತದೆ. ಎರಡನೆಯ ತಂಡ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟೊಂದು ಕ್ರೂರಿಯಲ್ಲ; ಗಿಡಗಳಿದ್ದರೆ ಅದನ್ನು ಗೊಬ್ಬರವಾಗಿ ಎಳೆದುಕೊಳ್ಳುತ್ತವೆ, ಮಿಕ್ಕದ್ದನ್ನು ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿ ನಾವು ಹೊರಹಾಕಬೇಕು. ಮಣ್ಣಿನಲ್ಲಿ ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು ರಷ್ಯಾದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಪತ್ತೆಮಾಡಿದ್ದ. ಮೀನಿನ ತೊಟ್ಟಿಯಲ್ಲೂ ಅವೇ ಇರಬೇಕೆಂದು ಪುಸ್ತಕಗಳು ಒಂದು ಶತಮಾನ ಬರೆದವು. 1998ರಲ್ಲಿ ಅಮೆರಿಕದಲ್ಲಿ ಸಿಹಿನೀರಿನ ಅಕ್ವೇರಿಯಂಗಳನ್ನು ಪರೀಕ್ಷಿಸಿ ನೋಡಿದಾಗ ಎರಡನೆಯ ತಂಡದಲ್ಲಿ ಸಿಕ್ಕದ್ದು ಪುಸ್ತಕದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ. 2015ರಲ್ಲಿ ಇನ್ನೂ ಸ್ವಾರಸ್ಯದ ಸುದ್ದಿ ಬಂತು: ಎರಡು ತಂಡದ ಕೆಲಸವನ್ನೂ ಒಬ್ಬನೇ ಮಾಡಿ ಮುಗಿಸುವ ನೈಟ್ರೊಸ್ಪೈರಾ ಇದೆ. ನೆದರ್ಲೆಂಡಿನ ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕುವ ವ್ಯವಸ್ಥೆಯೊಂದರ ಫಿಲ್ಟರಿನಲ್ಲಿ. ನಾವು ನಲ್ಲಿಯ ಕೆಳಗೆ ಹಿಂಡಿ ಚರಂಡಿಗೆ ಬಿಡುವ ಕಂದು ಕೆಸರಿನಲ್ಲಿ ವಿಜ್ಞಾನಿಗಳಿಗೆ ಇಂಥ ನಿಧಿ.

*

ಫಿಲ್ಟರ್ ಇಲ್ಲದೆಯೂ ಮೀನು ಬದುಕುವುದಿಲ್ಲವೇ ಎಂದರೆ, ಬದುಕುತ್ತದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ನಿನ, ಅಂದರೆ ಸುಮಾರು 55 ಲೀಟರಿನ ಗಾಜಿನ ಪಾತ್ರೆಯಲ್ಲಿ ಎರಡು ಸಣ್ಣ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಗಿಡ, ಕೊಳೆತ ಎಲೆ ತಿನ್ನಲು ಒಂದಷ್ಟು ಬಸವನಹುಳು ಇಟ್ಟು, ಅವು ಒಂದನ್ನೊಂದು ಹೇಗೆ ಸಾಕಿಕೊಂಡವೆಂದು 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಗೆ ವರದಿ ಒಪ್ಪಿಸಿದ. ಕರೆಂಟಿಲ್ಲ, ಪಂಪಿಲ್ಲ. ಅವನ ಪಾತ್ರೆಯ ಕಲ್ಲುಮರಳಿನ ಮೇಲೂ ಲೋಳೆ ಕಟ್ಟಿಯೇ ಇರಬೇಕು. ಅದರ ಗುಟ್ಟು ಹೊರಬೀಳಲು ಇನ್ನೂ ನಲವತ್ತು ವರ್ಷ ಬಾಕಿ ಇತ್ತು. ಅಷ್ಟು ದೂರ ಯಾಕೆ, ನಮ್ಮ ಹಳ್ಳಿಗಳ ಸಿಮೆಂಟು ತೊಟ್ಟಿಗಳಲ್ಲಿ ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಗಪ್ಪಿಗಳು ಯಾರ ಉಪಚಾರವೂ ಇಲ್ಲದೆ ಮರಿಮೊಮ್ಮಕ್ಕಳನ್ನು ಕಂಡಿವೆ. ಸಾವಿರ ಲೀಟರ್ ನೀರು, ಬೆರಳುದ್ದದ ಹತ್ತು ಮೀನು, ಗೋಡೆ ತುಂಬ ಪಾಚಿ, ಹಾಕುವವರಿಲ್ಲದ ಕಾರಣ ಮಿತಿಮೀರದ ಊಟ. ಲೆಕ್ಕ ಅಲ್ಲಿ ತಾನಾಗಿ ಸರಿಹೋಗುತ್ತದೆ.

ನಮ್ಮ ಲೆಕ್ಕ ಉಲ್ಟಾ. 35 ಲೀಟರ್ ನೀರು, ಎಂಟು-ಹತ್ತು ಮೀನು, ದಿನಕ್ಕೆ ಮೂರು ಸಲ ಊಟ; ಮನೆಗೆ ಬಂದ ಮಕ್ಕಳದು ನಾಲ್ಕನೆಯ ಸಲ. ಸಣ್ಣ ತೊಟ್ಟಿ ಸುಲಭ, ದೊಡ್ಡದು ಕಷ್ಟ ಎಂದುಕೊಂಡು ಶುರುಮಾಡುವವರೇ ಹೆಚ್ಚು. ದೊಡ್ಡ ಹಂಡೆಗೆ ಒಂದು ಹಿಡಿ ಉಪ್ಪು ಹೆಚ್ಚು ಬಿದ್ದರೆ ಗೊತ್ತಾಗುವುದಿಲ್ಲ, ಲೋಟಕ್ಕೆ ಬಿದ್ದರೆ ಬಾಯಿಗಿಡಲಾಗುವುದಿಲ್ಲ. ಐದು ಲೀಟರಿನ ಗುಂಡು ಬೋಗುಣಿಗೆ ಹೊಂದುವ ಫಿಲ್ಟರ್ ಹುಡುಕುತ್ತಿದ್ದರೆ ನನ್ನ ಸಲಹೆ ಚಿಕ್ಕದು: ಬೋಗುಣಿಯನ್ನು ಮನಿ ಪ್ಲಾಂಟಿಗೆ ಕೊಡಿ, ಮೀನಿಗೆ ಬೇರೆ ಮನೆ ಮಾಡಿ. ರೋಮ್ ನಗರಸಭೆ 2005ರಲ್ಲಿ ಇಂಥ ಗುಂಡು ಬೋಗುಣಿಯಲ್ಲಿ ಮೀನು ಸಾಕುವುದನ್ನೇ ನಿಷೇಧಿಸಿತು. ಗೋಲ್ಡ್ ಫಿಶ್ಶಂತೂ ಒಂದೂವರೆ ಅಡಿಯ ತೊಟ್ಟಿಗೂ ಸಲ್ಲದ ಜೀವ. ಅದು ಕಾರ್ಪ್ ವಂಶದ್ದು; ಬೆಳೆಯುತ್ತದೆ, ಹೊಟ್ಟೆಬಾಕ, ಹೊಲಸೂ ಅಷ್ಟೇ. ಯಾವ ಫಿಲ್ಟರೂ ಅದರ ಜೊತೆ ಏಗುವುದಿಲ್ಲ.

*

ಹಾಗಾದರೆ 30ರಿಂದ 60 ಲೀಟರಿನ ತೊಟ್ಟಿಗೆ ಏನನ್ನು ಕೊಳ್ಳಬೇಕು? ಅಂಗಡಿಯ ಗೋಡೆಯಲ್ಲಿ ನೇತಾಡುವ ಹತ್ತಾರು ನಮೂನೆಗಳಲ್ಲಿ ನನ್ನ ಓಟು ಅತ್ಯಂತ ಕುರೂಪಿಗೆ. ಸ್ಪಾಂಜ್ ಫಿಲ್ಟರ್ ಎನ್ನುತ್ತಾರೆ. ಕಪ್ಪು ಸ್ಪಾಂಜಿನ ಉಂಡೆ, ಅದರ ನಡುವೆ ತೂತಿನ ಕೊಳವೆ, ಹೊರಗೊಂದು ಏರ್ ಪಂಪು, ಎರಡಕ್ಕೂ ನಡುವೆ ಸಣ್ಣ ಟ್ಯೂಬು. ಸ್ಪಾಂಜಿಗೆ ಇನ್ನೂರು ರೂಪಾಯಿಯ ಆಸುಪಾಸು, ಪಂಪಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ನೋಡಿದರೆ ಪಾತ್ರೆ ಉಜ್ಜುವ ಸಾಮಾನು ತೊಟ್ಟಿಯೊಳಗೆ ಬಿದ್ದಂತಿರುತ್ತದೆ. ಲಾಭ ಕಡಿಮೆಯಾದ್ದರಿಂದಲೋ ಏನೋ ಅಂಗಡಿಯವರು ತಾವಾಗಿ ತೋರಿಸುವುದು ಕಮ್ಮಿ. ಆದರೆ ಅವರದೇ ಮಾರಾಟದ ತೊಟ್ಟಿಗಳನ್ನು ಸಾಲಾಗಿ ನೋಡಿಕೊಂಡು ಬನ್ನಿ: ಒಂದೇ ದೊಡ್ಡ ಗಾಳಿಯಂತ್ರದಿಂದ ಟ್ಯೂಬೆಳೆದು ಪ್ರತಿ ತೊಟ್ಟಿಗೂ ಒಂದೊಂದು ಸ್ಪಾಂಜು ಇಟ್ಟಿರುವುದು ಎಷ್ಟೋ ಕಡೆ ಕಾಣುತ್ತದೆ. ಹೊಟ್ಟೆಪಾಡಿಗೆ ಮೀನು ಸಾಕುವವನು ತನಗೆ ಯಾವುದನ್ನು ಆರಿಸಿಕೊಂಡಿದ್ದಾನೆ ಎಂಬುದಕ್ಕಿಂತ ದೊಡ್ಡ ಶಿಫಾರಸು ಏನಿದೆ?

ಇದರ ಒಳಗೆ ಮೋಟಾರು ಇಲ್ಲ. ಕೊಳವೆಯೊಳಗೆ ಗುಳ್ಳೆಗಳು ಏಳುತ್ತಿದ್ದಂತೆ ಅಲ್ಲಿನ ನೀರು ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಾಂಜಿನೊಳಗಿಂದ ನಿಧಾನವಾಗಿ ನುಸುಳಿ ಬರುತ್ತದೆ. ಸ್ಪಾಂಜಿನ ಸಾವಿರಾರು ಕಣ್ಣುಗಳ ಒಳಗೋಡೆಯೆಲ್ಲ ಲೋಳೆ ಕಟ್ಟಲು ಸಿಗುವ ಜಾಗ. ಮರಿಮೀನನ್ನೋ ಸಿಗಡಿಯನ್ನೋ ಎಳೆದುಕೊಳ್ಳುವಷ್ಟು ಸೆಳೆತವಿಲ್ಲ. ಗಪ್ಪಿಮರಿಗಳು ಬಂದು ಸ್ಪಾಂಜಿನ ಮೈಗೆ ಅಂಟಿದ ಚೂರುಪಾರನ್ನು ಕುಕ್ಕುತ್ತವೆ. ಹೊರಬರುವ ಗುಳ್ಳೆ ನೀರಿನ ಮೇಲ್ಮೈಯನ್ನು ಕಲಕುವುದರಿಂದ ಆಮ್ಲಜನಕವೂ ಬೆರೆಯುತ್ತದೆ. ಆಮ್ಲಜನಕ ಒಳಹೋಗುವುದು ಬಹುಪಾಲು ಆ ಕಲಕಿನಿಂದಲೇ, ಗುಳ್ಳೆಯಿಂದ ನೇರವಾಗಿ ಅಲ್ಲ. ಮಂಗಳೂರು, ರಾಯಚೂರಿನ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ: 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು ಏಳೂವರೆಗೇ ಸುಸ್ತಾಗುತ್ತದೆ. ಫೈಟರಿಗೆ ಗುಳ್ಳೆಯೂ ಜೋರೆನಿಸಿದರೆ ಟ್ಯೂಬಿನ ನಡುವೆ ಹತ್ತು-ಹದಿನೈದು ರೂಪಾಯಿಯ ಪುಟ್ಟ ತಿರುಪು ಸೇರಿಸಿ ಗಾಳಿಯನ್ನು ತಗ್ಗಿಸಬಹುದು.

ಕೊರತೆಗಳಿವೆ, ಮುಚ್ಚಿಡುವುದಿಲ್ಲ. ಜಾಗ ತಿನ್ನುತ್ತದೆ. ಸಣ್ಣ ಧೂಳನ್ನು ಹಿಡಿದು ನೀರಿಗೆ ಹೊಳಪು ಕೊಡುವುದು ಇದಕ್ಕೆ ಬರುವುದಿಲ್ಲ. ಮಲಗುವ ಕೋಣೆಯಲ್ಲಿಟ್ಟರೆ ಏರ್ ಪಂಪಿನ ಝೇಂಕಾರ ಮೊದಲ ವಾರ ನಿದ್ದೆಗೆಡಿಸುತ್ತದೆ. ಹಳೆಯ ಟವಲ್ಲನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಪಂಪನ್ನು ಕೂರಿಸಿದರೆ ಅರ್ಧ ಅಡಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಟ್ಟಿದ್ದರೆ ಕರೆಂಟು ಹೋದಾಗ ನೀರು ಟ್ಯೂಬಿನಲ್ಲಿ ಹಿಮ್ಮುಖವಾಗಿ ಇಳಿದು ಪಂಪಿನೊಳಕ್ಕೆ, ಅಲ್ಲಿಂದ ಸ್ವಿಚ್ ಬೋರ್ಡಿಗೆ ಬರಬಹುದು. ಗಾಳಿಯನ್ನು ಒಂದೇ ದಿಕ್ಕಿಗೆ ಬಿಟ್ಟು ನೀರು ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವನ್ನು ಮರೆಯದೆ ಕೊಳ್ಳಿ. ಈ ಇಡೀ ಲೇಖನದಲ್ಲಿ ದುಡ್ಡಿಗೆ ಅತಿ ಹೆಚ್ಚು ಬೆಲೆ ಬಾಳುವ ವಸ್ತು ಅದು. ವೈರುಗಳೂ ಅಷ್ಟೆ, ಪ್ಲಗ್ಗಿಗಿಂತ ಕೆಳಕ್ಕೆ ಒಂದು ಜೋಲು ಬಿಟ್ಟು ಮೇಲಕ್ಕೆ ಹೋಗಬೇಕು. ಆಗ ವೈರಿನ ಗುಂಟ ಇಳಿದ ಹನಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಕುರೂಪಿ ಬೇಡವೇ ಬೇಡ ಎನ್ನುವವರಿಗೆ ನನ್ನ ಎರಡನೆಯ ಆಯ್ಕೆ ತೊಟ್ಟಿಯ ಅಂಚಿಗೆ ಚೀಲದಂತೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್. ಒಳಗೆ ಜಾಗ ತಿನ್ನುವುದಿಲ್ಲ, ಬಿಚ್ಚಿ ತೊಳೆಯುವುದು ಸುಲಭ, ನೀರು ಸಣ್ಣ ಜಲಪಾತದಂತೆ ಬೀಳುತ್ತದೆ. ಟೆಟ್ರಾ, ಗಪ್ಪಿ, ಮೋಲಿಗಳಿಗೆ ಚೆನ್ನ. ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿದಂತೆ ಜಲಪಾತದ ಸದ್ದು ಏರುತ್ತ ಹೋಗುತ್ತದೆ. ಮಧ್ಯರಾತ್ರಿ ಯಾರೋ ನಲ್ಲಿ ತೆರೆದಿಟ್ಟಿದ್ದಾರೆಂದು ಎದ್ದು ಹೋದವರುಂಟು. ಕರೆಂಟು ಹೋಗಿ ಬಂದಾಗ ಕೆಲವು ಮಾದರಿಗಳು ನೀರೆಳೆಯದೆ ಒಣಗಿ ಓಡಿ ಮೋಟಾರು ಸುಟ್ಟುಕೊಳ್ಳುತ್ತವೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಮ್ಮೆ ಪ್ಲಗ್ ಕಿತ್ತು ಮತ್ತೆ ಹಾಕಿಸಿ ನೋಡಿ. ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ರೆಡಿಮೇಡ್ ತೊಟ್ಟಿಯ ಮುಚ್ಚಳದಲ್ಲೇ ಬರುವ ಟಾಪ್ ಫಿಲ್ಟರನ್ನು ಕೆಲವರು ತಾತ್ಸಾರದಿಂದ ಕಾಣುತ್ತಾರೆ. ನಾನು ಕಾಣುವುದಿಲ್ಲ. ಅದರ ಟ್ರೇಯಲ್ಲಿ ಧಾರಾಳ ಜಾಗವಿದೆ, ಪಂಪು ಸಣ್ಣದಾಗಿದ್ದರೆ ಸಾಕು. ನೀರೊಳಗೆ ಮುಳುಗಿ ಗಾಜಿಗೆ ಅಂಟಿಕೊಳ್ಳುವ ಪವರ್ ಫಿಲ್ಟರೇ ನನ್ನ ಫೈಟರನ್ನು ಗೋಳುಹೊಯ್ದುಕೊಂಡದ್ದು. ಅದರ ಬಾಯನ್ನು ಗಾಜಿನ ಕಡೆಗೆ ತಿರುಗಿಸಿ, ಮುಂದೆ ಸ್ಪಾಂಜಿನ ತುಂಡು ಸಿಕ್ಕಿಸಿ ಪಳಗಿಸಬಹುದು, ಅಷ್ಟೇ. ಕ್ಯಾನಿಸ್ಟರ್ ಎಂಬ ಡಬ್ಬಿಯಂಥ ದೊಡ್ಡಣ್ಣ ಮೂರು-ನಾಲ್ಕಡಿಯ ತೊಟ್ಟಿಗಳ ಸಂಗಾತಿ. ನಮಗೆ ಬೇಡ.

ಜಲ್ಲಿಯ ಕೆಳಗೆ ತೂತುಗಳ ಪ್ಲಾಸ್ಟಿಕ್ ತಟ್ಟೆ ಹಾಸುವ ಅಂಡರ್‌ಗ್ರ್ಯಾವೆಲ್ ಫಿಲ್ಟರಿನ ಬಗ್ಗೆ ಮಾತ್ರ ನನಗೆ ಪಕ್ಷಪಾತವಿದೆ. ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ತೆರೆದ ಮೇಲೆ ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿಬಂದ ತಲೆಮಾರು ನಮ್ಮದು. ಮನೆಗೆ ಬಂದು ಹಟ ಹಿಡಿದು ಇಡಿಸಿಕೊಂಡ ತೊಟ್ಟಿಗಳಲ್ಲಿ ಇರುತ್ತಿದ್ದದ್ದು ಇದೇ ತಟ್ಟೆ, ಮೂಲೆಯಲ್ಲಿ ಗುಳುಗುಳು ಕೊಳವೆ. ಇಡೀ ಜಲ್ಲಿಯೇ ಜಾರುಗಲ್ಲಾಗುವ ಈ ಉಪಾಯ ನಿಜಕ್ಕೂ ಜಾಣತನದ್ದು. ತೊಂದರೆ ಎಂದರೆ ತಟ್ಟೆಯ ಕೆಳಗೆ ವರ್ಷಗಟ್ಟಲೆ ಸೇರುವ ಕೊಳೆ. ಅದನ್ನು ತೆಗೆಯಲು ಮನೆಯನ್ನೇ ಕೆಡವಬೇಕು.

ಒಳಗೆ ತುಂಬುವ ‘ಮೀಡಿಯಾ’ದ ವಿಷಯದಲ್ಲಿ ಅಂಗಡಿಯವರ ಮಾತು ಉದ್ದವಾಗುತ್ತದೆ: ಸೆರಾಮಿಕ್ ಉಂಗುರ, ಬಯೋ ಬಾಲ್, ಗಾಜಿನ ಗೋಲಿ, ಲಾವಾ ಕಲ್ಲು. ನಾಲ್ಕು ಟೆಟ್ರಾ ಸಾಕುವವನಿಗೆ ಒಂದು ಒಳ್ಳೆಯ ಸ್ಪಾಂಜು ಸಾಕು. ಆ್ಯಕ್ಟಿವೇಟೆಡ್ ಇದ್ದಿಲು ಔಷಧಿಯ ಉಳಿಕೆ, ಬಣ್ಣ, ವಾಸನೆ ಹೀರಲು ಒಳ್ಳೆಯದು. ಕೆಲವೇ ವಾರಗಳಲ್ಲಿ ಅದರ ಹೊಟ್ಟೆ ತುಂಬುತ್ತದೆ, ದಿನನಿತ್ಯಕ್ಕೆ ಬೇಕಿಲ್ಲ. ‘ತಿಂಗಳಿಗೊಮ್ಮೆ ಬದಲಿಸಿ’ ಎಂದು ಬರೆದ ಕಾರ್ಟ್ರಿಜ್‌ಗಳ ಬಗ್ಗೆ ಮಾತ್ರ ಎಚ್ಚರ. ಹಾಗೆ ಬದಲಿಸಿದರೆ ತಿಂಗಳು ಪೂರ್ತಿ ಬೆಳೆದ ಲೋಳೆಯನ್ನು ಕಸದ ಬುಟ್ಟಿಗೆ ಹಾಕಿ, ಹೊಸ ಬಟ್ಟೆಗೆ ದುಡ್ಡು ಕೊಟ್ಟಂತಾಯಿತು.

*

ಇನ್ನು ನನ್ನ ಫೈಟರಿನ ಸಾವಿಗೆ ಬರುತ್ತೇನೆ. ಅದು ಸತ್ತದ್ದು ಮೂರನೆಯ ವಾರ. ಹೊಸ ತೊಟ್ಟಿಗಳಲ್ಲಿ ಮೀನು ಸಾಯುವ ಮಾಮೂಲು ಗಡುವು ಅದು. ಹೊಸ ಫಿಲ್ಟರ್ ಎಂದರೆ ಬೋಳು ಸ್ಪಾಂಜು. ಅದರಲ್ಲಿ ಊರು ಇನ್ನೂ ಹುಟ್ಟಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಮಹಾ ನಿಧಾನಸ್ಥ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರು. ಅಲ್ಲಿನ ಬ್ಯಾಕ್ಟೀರಿಯಾಗಳ ಅವಸರ ಅಂಥದು. ಇವಕ್ಕೆ ಒಂದು ಎರಡಾಗಲು ಅರ್ಧ ದಿನ, ಒಮ್ಮೊಮ್ಮೆ ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ತೊಟ್ಟಿ ‘ಸೈಕಲ್’ ಆಗುವುದಕ್ಕೆ, ಅಂದರೆ ಅಮೋನಿಯಾವೂ ನೈಟ್ರೈಟೂ ಏರಿ ಇಳಿದು ಸೊನ್ನೆಗೆ ಬರುವುದಕ್ಕೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತೊಟ್ಟಿ, ಮಧ್ಯಾಹ್ನ ಫಿಲ್ಟರ್, ಸಂಜೆ ಮೀನು ತಂದವನು ನಾನು. 800 ಲೀಟರಿನದಾದರೇನು, 8,000ದ್ದಾದರೇನು, ಊರಿಲ್ಲದ ದಾರಿಯಲ್ಲಿ ಬಸ್ಸು ಓಡಿಸಿದಂತೆ.

ಉಪಾಯ ನಮ್ಮ ಅಡುಗೆಮನೆಯಲ್ಲೇ ಇತ್ತು. ಮನೆಯ ಮೊಸರು ತೀರಿದರೆ ಏನು ಮಾಡುತ್ತೇವೆ? ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಇಲ್ಲೂ ಹಾಗೆಯೇ. ವರ್ಷದಿಂದ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿಯ ಸ್ಪಾಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿಗೆ ಸೇರಿಸಿದರೆ ವಾರಗಳ ಕಾಯುವಿಕೆ ದಿನಗಳಿಗೆ ಇಳಿಯುತ್ತದೆ. ತುಂಡು ಕೊಡಲು ಮನಸ್ಸಿಲ್ಲದವರು ಸ್ಪಾಂಜನ್ನು ಹಿಂಡಿದ ಕಂದು ನೀರನ್ನಾದರೂ ಕೊಟ್ಟಾರು. ಅದು ಅಷ್ಟು ಚುರುಕಲ್ಲ. ಏನೂ ಇಲ್ಲದ್ದಕ್ಕಿಂತ ಮೇಲು. ಅಂಗಡಿಯ ತೊಟ್ಟಿಯಿಂದ ತರುವುದಾದರೆ ಅದರಲ್ಲಿ ಕಾಯಿಲೆಯ ಮೀನಿಲ್ಲವೆಂದು ನೋಡಿಕೊಳ್ಳಬೇಕು. ಹೆಪ್ಪಿನ ಜೊತೆ ಹುಳಿಯೂ ಬರುತ್ತದೆ.

ಊರು ಹುಟ್ಟಿದ ಮೇಲೆ ಅದನ್ನು ನಾವೇ ಕೊಲ್ಲದಿರುವುದು ಇನ್ನೊಂದು ಕಷ್ಟ. ಟಿ.ಕೆ. ಹಳ್ಳಿಯ ನೀರು ಶುದ್ಧೀಕರಣ ಘಟಕದಿಂದ ನೂರು ಕಿಲೋಮೀಟರ್ ಹತ್ತಿ ಬೆಂಗಳೂರಿಗೆ ಬಂದ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಇರಲೇಬೇಕು, ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆಂದೇ ಹಾಕುವುದು. ಕೆಟ್ಟದ್ದು ಒಳ್ಳೆಯದು ಎಂಬ ಭೇದ ಅದಕ್ಕಿಲ್ಲ. ಭಾನುವಾರದ ಉತ್ಸಾಹದಲ್ಲಿ ಸ್ಪಾಂಜನ್ನು ನಲ್ಲಿಗೆ ಹಿಡಿದು ಹೊಸದರಂತೆ ಬೆಳಗಿಸಿದರೆ ಮಂಗಳವಾರ ಮೀನು ಮೇಲೆ ತೇಲುತ್ತದೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಸ್ಪಾಂಜನ್ನು ಮೂರು ಸಲ ಹಿಂಡಿ, ಕೊಳಕಾಗಿರುವಾಗಲೇ ವಾಪಸ್ಸಿಡಬೇಕು. ಶುಚಿತ್ವವೇ ದೈವ ಎಂದು ಬೆಳೆದ ನಮ್ಮ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ. ಹೊಸದಾಗಿ ಸುರಿಯುವ ನಲ್ಲಿ ನೀರನ್ನು ಹಿಂದಿನ ರಾತ್ರಿಯೇ ಅಗಲ ಬಾಯಿಯ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಬರಿ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ.

ಕರೆಂಟಿನ ಸಂಗತಿ ಫಿಲ್ಟರ್ ಆರಿಸುವಾಗ ಯಾರೂ ಯೋಚಿಸುವುದಿಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಮರ ಬಿದ್ದು ಇಡೀ ರಾತ್ರಿ ಕತ್ತಲಾದರೆ ಮೊದಲು ಉಸಿರುಗಟ್ಟುವುದು ಮುಚ್ಚಿದ ಡಬ್ಬಿಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ. ಅವಕ್ಕೂ ಆಮ್ಲಜನಕ ಬೇಕು. ಕ್ಯಾನಿಸ್ಟರಿನಂಥ ಬಿಗಿ ಪೆಟ್ಟಿಗೆ ಗಂಟೆಗಟ್ಟಲೆ ನಿಂತು ಮತ್ತೆ ಓಡತೊಡಗಿದರೆ ಒಳಗಿನ ಕೊಳೆತ ನೀರು ತೊಟ್ಟಿಗೆ ನುಗ್ಗುತ್ತದೆ. ತೊಟ್ಟಿಯೊಳಗೇ ತೆರೆದು ಕೂತ ಸ್ಪಾಂಜು ಅಷ್ಟು ಬೇಗ ಸಾಯುವುದಿಲ್ಲ. ಐದು ವಾಟಿನ ಏರ್ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ಟಿನ ಒಳಗೆ; ಮನೆಯ ಇನ್ವರ್ಟರಿಗೆ ಅದು ಹೊರೆಯೇ ಅಲ್ಲ. ಬ್ಯಾಟರಿಯ ಪಂಪೂ ಸಿಗುತ್ತದೆ. ಬಿಲ್ಲು ಉಳಿಸಲೆಂದು ರಾತ್ರಿ ಫಿಲ್ಟರ್ ನಿಲ್ಲಿಸಿ ಮಲಗುವವರನ್ನು ನೋಡಿದ್ದೇನೆ. ಅವರ ಬಿಲ್ಲಿನಲ್ಲಿ ಉಳಿಯುವುದು ತಿಂಗಳಿಗೆ ಒಂದು ಕಾಫಿಯ ದುಡ್ಡು.

ನನ್ನ ಒಂದೂವರೆ ಅಡಿಯಲ್ಲಿ ಈಗ ಒಂದು ಸ್ಪಾಂಜು, ಕಿಟಕಿಯ ಬೆಳಕಿಗೆ ಹಬ್ಬಿದ ವ್ಯಾಲಿಸ್ನೇರಿಯಾ, ಅಂಚಿನಿಂದ ಬೇರು ಇಳಿಬಿಟ್ಟ ಮನಿ ಪ್ಲಾಂಟ್, ಆರು ಟೆಟ್ರಾ. ನೀರು ಮೊದಲಿನಷ್ಟು ತಿಳಿಯಾಗಿಲ್ಲ. ತುಸು ಚಹಾದ ಛಾಯೆ ಇದೆ, ಮೂಲೆಯ ಕಲ್ಲಿಗೆ ಪಾಚಿ ಹಿಡಿದಿದೆ. ಬಂದ ನೆಂಟರು ಈಗ ಹೊಗಳುವುದಿಲ್ಲ.

ಕಳೆದ ತಿಂಗಳು ಮೇಲಿನ ಮಹಡಿಯ ಹುಡುಗ ಹೊಸ ತೊಟ್ಟಿ ಇಟ್ಟಿದ್ದೇನೆಂದು ಸಡಗರದಿಂದ ಬಂದ. ಮೀನು ತಂದೆಯಾ ಎಂದರೆ ನಾಳೆ ಎಂದ. ನಿಲ್ಲಿಸಿ, ನನ್ನ ಸ್ಪಾಂಜಿನ ಒಂದು ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ, ಮೇಲೆ ತೊಟ್ಟಿಯ ನೀರು ಹೊಯ್ದು, ಕೈಗೆ ಸಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ ಕಳಿಸಿದೆ. ಹೇಸಿಗೆಯೂ ಅನುಮಾನವೂ ಬೆರೆತ ಮುಖದಲ್ಲಿ ಹಿಡಿದುಕೊಂಡು ಹೋದ. ಎರಡು ದಿನ ಬಿಟ್ಟು ಅವನ ತಾಯಿ ಡಬ್ಬಿ ವಾಪಸ್ಸು ಕಳಿಸಿದರು. ಪಕ್ಕದ ಮನೆಯ ಪಾತ್ರೆ ಬರಿದಾಗಿ ಕೊಡಬಾರದಲ್ಲ, ತುಂಬ ಚಕ್ಕುಲಿ ಹಾಕಿದ್ದರು. ಗರಿಗರಿಯಾಗಿ ಚೆನ್ನಾಗಿಯೇ ಇದ್ದವು. ಅದರಲ್ಲಿ ಹೋದದ್ದೇನೆಂದು ನನ್ನ ಹೆಂಡತಿಗೆ ನಾನಿನ್ನೂ ಹೇಳಿಲ್ಲ.